ಮಾಲೆ ತೆಗೆದ ಮರುದಿನ

ವಿಜಯಪುರಕ್ಕೂ ತಂಬಾಕಿಗೂ ಇರುವ ನಂಟಿಗೆ ನಾಲ್ಕು ನೂರು ವರ್ಷ ದಾಟಿದೆ. ಅಕ್ಬರನ ಮಗ ದಾನಿಯಾಲನಿಗೆ ಮದುವೆಗೆಂದು ನಿಶ್ಚಯವಾಗಿದ್ದ ಆದಿಲಶಾಹಿ ರಾಜಕುಮಾರಿಯನ್ನು ಕರೆದೊಯ್ಯಲು ಅಕ್ಬರನ ಕಡೆಯಿಂದ ಇಲ್ಲಿಗೆ ಬಂದಿದ್ದ ಅಸದ್ ಬೇಗ್, ಎರಡನೆಯ ಇಬ್ರಾಹಿಂ ಆದಿಲಶಾಹನ ಈ ರಾಜಧಾನಿಯಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡು, 1604–05ರ ಸುಮಾರಿಗೆ ರತ್ನಖಚಿತ ಕೊಳವೆಯ ಸಮೇತ ಅದನ್ನು ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟದ್ದನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರ ಎರಡು ಮೂರು ಸಲ ಎಳೆದ, ಹಕೀಮ ಅಡ್ಡ ಬಂದ, ಅಲ್ಲಿಗೆ ಬಾದಶಹ ನಿಲ್ಲಿಸಿದ. ಆದರೆ ಪಾಲು ಪಡೆದ ಅಮೀರರು ಇನ್ನಷ್ಟು ಬೇಕೆಂದು ಹೇಳಿ ಕಳಿಸತೊಡಗಿದರು, ವರ್ತಕರು ಮಾರತೊಡಗಿದರು, 1617ರ ಹೊತ್ತಿಗೆ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸಬೇಕಾಯಿತು. ಆ ಆಜ್ಞೆಯ ಫಲವೇನಾಯಿತೆಂಬುದು ಇಂದಿನ ಯಾವುದೇ ಪಾನ್ ಅಂಗಡಿಯ ಮುಂದೆ ನಿಂತರೂ ತಿಳಿಯುತ್ತದೆ.

ಅಕ್ಬರನ ಸಂಯಮವನ್ನು ಹೊಗಳಲು ನನಗೆ ಮನಸ್ಸಿಲ್ಲ. ಮೂರು ದಮ್ಮು ಎಳೆದವನಿಗೆ ಬಿಡುವ ಕಷ್ಟ ಗೊತ್ತಿರುವುದಿಲ್ಲ. ನನಗೆ ಕುತೂಹಲವಿರುವುದು ಆ ಅಮೀರರ ಬಗ್ಗೆ, ಏಕೆಂದರೆ ಊರಿನಲ್ಲಿ ಔಷಧ ಅಂಗಡಿ ನಡೆಸುವ ನನ್ನ ಬಳಿಗೆ ಬರುವವರು ಅಂಥವರೇ: ಹತ್ತಾರು ವರ್ಷ ಸೇದಿದವರು, ಹಲವು ಸಲ ಬಿಟ್ಟವರು, ಮತ್ತೆ ಹಿಡಿದವರು, ಈ ಸಲ ಏನಾದರೂ ಗುಳಿಗೆ ಇದೆಯೇ ಎಂದು ದನಿ ತಗ್ಗಿಸಿ ಕೇಳುವವರು.

ನಮ್ಮ ಕಡೆಯ ಸೇದುವವರಲ್ಲಿ ಬಿಡುವ ಶಕ್ತಿ ಇಲ್ಲವೆಂದು ಯಾರೂ ಹೇಳಬಾರದು. ಶ್ರಾವಣ ಬಂತೆಂದರೆ ತಿಂಗಳಿಡೀ ಬೀಡಿ ಮುಟ್ಟದವರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ರಂಜಾನಿನಲ್ಲಿ ಸೆಹರಿಯಿಂದ ಇಫ್ತಾರಿನವರೆಗೆ, ಬೇಸಿಗೆಯಾದರೆ ಹದಿನಾಲ್ಕು ಗಂಟೆಗೆ ಹತ್ತಿರ, ನೀರನ್ನೂ ಹೊಗೆಯನ್ನೂ ಒಟ್ಟಿಗೆ ಬಿಟ್ಟಿರುವವರು ಸಾವಿರಾರು. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪನ ಮಾಲೆ ಧರಿಸಿದವರು 41 ದಿನಗಳ ಮಂಡಲವನ್ನು ಪೂರ್ತಿ ನಡೆಸುತ್ತಾರೆ. ದಿನಕ್ಕೆ ಎರಡು ಪಾಕೀಟು ಸುಡುತ್ತಿದ್ದ ಮನುಷ್ಯನೂ ಕಪ್ಪು ಲುಂಗಿ ಉಟ್ಟ ಕೂಡಲೇ ಕೈ ಹಿಂದೆಗೆಯುತ್ತಾನೆ. ಅಂಥವರಲ್ಲಿ ಬಹಳ ಮಂದಿ ಮಾಲೆ ತೆಗೆದ ಮರುದಿನವೇ ಮೊದಲಿನಂತೆ ಚಹಾದಂಗಡಿಯ ಕಟ್ಟೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ನಿಕೋಟಿನ್ನಿನ ಬಗ್ಗೆ ನಾನು ಓದಿದ್ದೆಲ್ಲಕ್ಕಿಂತ ಈ ಮರುದಿನವೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದೆ.

ದೇಹದ ಲೆಕ್ಕ ಹಿಡಿದು ನೋಡಿದರೆ ಅದು ಆಗಬಾರದ ಸಂಗತಿ. ಹೊಗೆಯೊಂದಿಗೆ ಒಳಹೋದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬಿಟ್ಟವರಿಗೆ ಸಿಡುಕು, ನಿದ್ದೆಗೇಡು, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಮೊದಲ ಎರಡು ಮೂರು ದಿನ ತುದಿಗೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಣಿಯುತ್ತವೆ. ವರ್ಷಗಟ್ಟಲೆ ಸೇದಿದ್ದರಿಂದ ಮಿದುಳಿನಲ್ಲಿ ಹೆಚ್ಚಾಗಿದ್ದ, ನಿಕೋಟಿನ್ ಹೋಗಿ ಅಂಟಿಕೊಳ್ಳುವ ಗ್ರಾಹಕಗಳೂ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಸಾಮಾನ್ಯ ಮಟ್ಟಕ್ಕೆ ಬರುತ್ತವೆ. ಎಂದರೆ 41 ದಿನ ಮುಗಿಸಿದವನು ಗುಡ್ಡದ ಕಠಿಣವಾದ ಭಾಗವನ್ನು ಆಗಲೇ ಹತ್ತಿ ಮುಗಿಸಿರುತ್ತಾನೆ. ಹಾಗಿದ್ದೂ ಆತ ಇಳಿದು ಬರುತ್ತಾನೆ.

ಇದಕ್ಕೆ ಉತ್ತರದ ಒಂದು ಭಾಗ ನನಗೆ ಸಿಕ್ಕಿದ್ದು ಇಸ್ರೇಲಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ. ಸೇದುವ ಅಭ್ಯಾಸವಿದ್ದ ವಿಮಾನ ಪರಿಚಾರಕರನ್ನು ಅವರು ಯೂರೋಪಿನ ಚಿಕ್ಕ ಹಾರಾಟದಲ್ಲಿಯೂ ಅಮೆರಿಕದ ದೀರ್ಘ ಹಾರಾಟದಲ್ಲಿಯೂ ಆಗಾಗ ಪ್ರಶ್ನಿಸಿ, ಸೇದಬೇಕೆಂಬ ತುಡಿತ ಎಷ್ಟಿದೆ ಎಂದು ಬರೆದಿಟ್ಟರು. ತುಡಿತ ಏರಿದ್ದು ಎಷ್ಟು ಗಂಟೆ ಸೇದಿಲ್ಲ ಎಂಬುದನ್ನು ಅನುಸರಿಸಿ ಅಲ್ಲ, ವಿಮಾನ ಇಳಿಯಲು ಎಷ್ಟು ಹೊತ್ತು ಉಳಿದಿದೆ ಎಂಬುದನ್ನು ಅನುಸರಿಸಿ. ಚಿಕ್ಕ ಹಾರಾಟದ ಕೊನೆಯಲ್ಲಿ ಅದು ಭುಗಿಲೆದ್ದಿತ್ತು. ದೀರ್ಘ ಹಾರಾಟದಲ್ಲಿ ಅದೇ ಹೊತ್ತಿಗೆ, ಅಷ್ಟೇ ಗಂಟೆ ಕಳೆದಿದ್ದರೂ, ತಣ್ಣಗಿತ್ತು. ವಿಜಯಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗಿಬಂದ ಸೇದುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರಿಯುದ್ದಕ್ಕೂ ನಿದ್ದೆ ಹೋಗಿದ್ದವನು ಬಸ್ಸು ಲೋಕಾಪುರದ ನಿಲ್ದಾಣ ಸಮೀಪಿಸುತ್ತಿದ್ದಂತೆ ಎದ್ದು ಕುಳಿತು ಅಂಗಿಯ ಜೇಬು ತಡವುತ್ತಾನೆ. ಸಿಗುತ್ತದೆ ಎಂಬ ಭರವಸೆಯೇ ತುಡಿತವನ್ನು ಎಬ್ಬಿಸುತ್ತದೆ.

ವ್ರತ ಮಾಡುವುದು ಈ ಭರವಸೆಯನ್ನು ಕತ್ತರಿಸುವ ಕೆಲಸ. ಇವತ್ತು ಸೇದಲೋ ಬೇಡವೋ ಎಂಬ ಚರ್ಚೆಗೇ ಅಲ್ಲಿ ಅವಕಾಶವಿಲ್ಲ. ಜೊತೆಗೆ ಬೆಳಗಿನ ತಣ್ಣೀರಿನ ಸ್ನಾನ, ಊಟದ ಹೊತ್ತಿನ ಬದಲಾವಣೆ, ಸಂಜೆ ಕಟ್ಟೆಯ ಬದಲು ಭಜನೆ, ಎದುರಾದವರೆಲ್ಲ ‘ಸ್ವಾಮಿ’ ಎಂದು ಕರೆಯುವುದು, ಗೆಳೆಯರು ಸಿಗರೇಟು ನೀಡಲು ತಾವೇ ಹಿಂಜರಿಯುವುದು, ಹೀಗೆ ದಿನದ ಅಚ್ಚೇ ಬದಲಾಗಿರುತ್ತದೆ. ನಾವು ‘ಅವನ ಮನಸ್ಸು ಗಟ್ಟಿ’ ಎಂದು ಅವನೊಬ್ಬನ ಖಾತೆಗೆ ಬರೆಯುವ ಸಾಧನೆಯಲ್ಲಿ ಮನೆಯವರದೂ ಓಣಿಯವರದೂ ದೊಡ್ಡ ಪಾಲಿದೆ. ವ್ರತದ ದೋಷ ಒಂದೇ: ಅದಕ್ಕೆ ಮುಕ್ತಾಯದ ದಿನವಿದೆ, ಆ ದಿನ ವಿಮಾನ ಇಳಿಯುತ್ತದೆ. ಆದ್ದರಿಂದ ಬಿಡಬೇಕೆಂದು ಬರುವವರಿಗೆ ನಾನು ಹೇಳುವುದು, ವ್ರತದ ಕಟ್ಟಳೆಗಳನ್ನೆಲ್ಲ ಎರವಲು ತನ್ನಿ, ಅದರ ಕ್ಯಾಲೆಂಡರನ್ನು ಮಾತ್ರ ತರಬೇಡಿ ಎಂದು. ಮಾಲೆ ತೆಗೆಯುವ ವಾರದಲ್ಲಿಯೇ ಒಬ್ಬರು ಅಂಗಡಿಗೆ ಬಂದರೆ ನನಗೆ ಬಹಳ ಸಂತೋಷ; ಅವರಿಗೆ ಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ಮರುದಿನದ ಒಂದು ಏರ್ಪಾಡು.

ಮಾಲೆ ಇಲ್ಲದವರ ಪಾಡು ಬೇರೆ. ಯಾವ ನೆರವೂ ಇಲ್ಲದೆ, ಬರೀ ನಿರ್ಧಾರದ ಬಲದಿಂದ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ಒಂದು ವರ್ಷದ ಬಳಿಕವೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ. ನಿಕೋಟಿನ್ ಗಮ್ಮು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮುಂತಾದವು ಆ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ. ಆದರೂ ನಮ್ಮಲ್ಲಿ ಔಷಧ ಹಿಡಿದು ಬಿಡುವುದು ಒಂದು ಬಗೆಯ ಸೋಲು ಎಂಬ ಭಾವನೆ ಇದೆ. ಬಿಪಿಗೆ ಗುಳಿಗೆ ನುಂಗಲು ನಾಚದವರು ಇದಕ್ಕೆ ನಾಚುತ್ತಾರೆ.

ಗಮ್ಮಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದನ್ನು ಕೊಂಡವರಲ್ಲಿ ಹೆಚ್ಚಿನವರು ತಪ್ಪಾಗಿ ಬಳಸಿ, ಎರಡನೇ ದಿನ ಬಿಲ್ಲಿನ ಸಮೇತ ವಾಪಸು ತರುತ್ತಾರೆ. ‘ಇದೇನ್ ಖಾರ ಐತ್ರಿ, ಬಿಕ್ಕಳಿಕಿ ಬರ್ತಾವು, ನಮಗ ಬ್ಯಾಡ್ರಿ ಇದು’ ಎನ್ನುತ್ತಾರೆ. ಅದು ಚಿಕ್ಕ ಮಕ್ಕಳ ಚೂಯಿಂಗ್ ಗಮ್ಮಿನಂತೆ ಜಗಿಯುತ್ತಾ ಇರುವ ಪದಾರ್ಥವಲ್ಲ. ಹತ್ತು ಹದಿನೈದು ಸಲ ನಿಧಾನವಾಗಿ ಜಗಿದು, ನಾಲಿಗೆಗೆ ಚುರುಕು ತಾಗಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ತಗ್ಗಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಬದಿಗೆ ಇಡಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರಬೇಕು. ಜೊಲ್ಲಿನೊಂದಿಗೆ ನುಂಗಿದರೆ ಬಿಕ್ಕಳಿಕೆ, ಎದೆಯುರಿ, ಓಕರಿಕೆ ಬರುತ್ತವೆಯೇ ಹೊರತು ತುಡಿತ ತಣಿಯುವುದಿಲ್ಲ. ನಮ್ಮ ಹಿರಿಯರಿಗೆ ಇದನ್ನು ತಿಳಿಸಲು ನನಗೊಂದು ಸುಲಭ ದಾರಿ ಸಿಕ್ಕಿದೆ. ‘ಕಾಕಾ, ತಂಬಾಕ ದವಡ್ಯಾಗ ಇಟ್ಟಂಗ ಇಡ್ರಿ, ಎಲಿ-ಅಡಕಿ ಜಗದಂಗ ಜಗೀಬ್ಯಾಡ್ರಿ’ ಎಂದರೆ ಸಾಕು, ಮುಂದಿನದನ್ನು ಅವರೇ ಮಾಡುತ್ತಾರೆ.

ಇಲ್ಲಿರುವ ರಸಾಯನ ವಿದ್ಯೆಯೂ ಅವರಿಗೆ ಹೊಸದಲ್ಲ. ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುವುದು ಕ್ಷಾರದ ನಡುವೆ ನಿಕೋಟಿನ್ ಬೇಗ ಹೀರಲ್ಪಡುತ್ತದೆ ಎಂಬ ಕಾರಣಕ್ಕೇ. ಹುಳಿ ಅದಕ್ಕೆ ವಿರುದ್ಧ. ಆದ್ದರಿಂದ ಚಹಾ, ಕಾಫಿ, ಲಿಂಬೆ ಶರಬತ್ತು, ಸೋಡಾ ಕುಡಿದು ಹದಿನೈದು ನಿಮಿಷದೊಳಗೆ ಗಮ್ಮು ಹಾಕಿಕೊಂಡರೆ ಅದು ಕೆಲಸ ಮಾಡುವುದಿಲ್ಲ, ಮತ್ತು ನಮ್ಮವರು ಹಾಕಿಕೊಳ್ಳುವುದು ಸರಿಯಾಗಿ ಚಹಾ ಕುಡಿದ ಕೂಡಲೇ. ಅದರ ಪರಿಣಾಮ ಸಿಗರೇಟಿನ ಹಾಗೆ ಕ್ಷಣದಲ್ಲಿ ಬರುವುದಿಲ್ಲವಾದ್ದರಿಂದ, ತುಡಿತ ಬಂದ ಮೇಲೆ ಹುಡುಕುವುದಕ್ಕಿಂತ ಬರುವ ಹೊತ್ತನ್ನು ಅರಿತು ಮೊದಲೇ ಇಟ್ಟುಕೊಳ್ಳುವುದು ಜಾಣತನ. ಎರಡು ಮಿಲಿಗ್ರಾಮಿನ ಗಮ್ಮು ವೈದ್ಯರ ಚೀಟಿ ಇಲ್ಲದೆಯೇ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ ನಾಲ್ಕು ಮಿಲಿಗ್ರಾಮಿನದು ಬೇಕಾಗುತ್ತದೆ, ಅದಕ್ಕೆ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆ ಮೇಲೆ ಅಂತರ ಹೆಚ್ಚಿಸುತ್ತಾ, ಮೂರು ತಿಂಗಳಿಗೆ ಮುಗಿಸುವುದು ರೂಢಿ. ದಿನಕ್ಕೆರಡು ಗಮ್ಮು ತಿಂದು ‘ಇದರಿಂದ ಏನೂ ಆಗಲಿಲ್ಲ’ ಎನ್ನುವವರಿಗೆ ಆದದ್ದು ಪ್ರಮಾಣದ ಕೊರತೆ.

ಪಟ್ಟಿಯ ಉಪಯೋಗ ಬೇರೆ ತೆರನದು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟು ಸೇದುವವರು ಸಾಮಾನ್ಯವಾಗಿ 21 ಮಿಲಿಗ್ರಾಮಿನ ಪಟ್ಟಿಯಿಂದ ಆರಂಭಿಸಿ, ಆರು ವಾರದ ಬಳಿಕ 14ಕ್ಕೆ, ಕೊನೆಗೆ 7ಕ್ಕೆ ಇಳಿಯುತ್ತಾರೆ. ಬೆಳಿಗ್ಗೆ ಸ್ನಾನದ ನಂತರ ಒಣಗಿದ, ಕೂದಲಿಲ್ಲದ ತೋಳಿನ ಮೇಲೆ ಅಂಟಿಸಿ ಅಂಗೈಯಿಂದ ಒತ್ತಿ ಹಿಡಿಯಬೇಕು, ದಿನವೂ ಜಾಗ ಬದಲಿಸಬೇಕು, ರಾತ್ರಿ ವಿಚಿತ್ರ ಕನಸುಗಳು ಕಾಡಿದರೆ ಮಲಗುವಾಗ ತೆಗೆಯಬಹುದು. ಪಟ್ಟಿ ದಿನವಿಡೀ ತಳಮಟ್ಟದ ಬೇಡಿಕೆಯನ್ನು ಸಮಾಧಾನಪಡಿಸುತ್ತದೆ, ನಡುವೆ ಏಳುವ ಅಲೆಗಳಿಗೆ ಗಮ್ಮು ಬೇಕು. ಎರಡನ್ನೂ ಜೊತೆಗೆ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಫಲಕಾರಿ ಎಂಬುದು ಸಾಬೀತಾದ ಮಾತು. ಇವುಗಳ ಹೊರತಾಗಿ ಬುಪ್ರೋಪಿಯಾನ್ ಮತ್ತು ವರೆನಿಕ್ಲಿನ್ ಎಂಬ ಗುಳಿಗೆಗಳಿವೆ. ಬಿಡುವ ದಿನಕ್ಕಿಂತ ಒಂದೆರಡು ವಾರ ಮೊದಲೇ ಆರಂಭಿಸಬೇಕಾದ ಇವು ವೈದ್ಯರ ಕೈಯವು. ಫಿಟ್ಸ್ ಇರುವವರಿಗೆ ಬುಪ್ರೋಪಿಯಾನ್ ಕೊಡುವುದಿಲ್ಲ. ಗರ್ಭಿಣಿಯರೂ, ಈಚೆಗೆ ಹೃದಯಾಘಾತವಾದವರೂ ಗಮ್ಮನ್ನು ಕೂಡ ಕೇಳಿಯೇ ಹಿಡಿಯಬೇಕು.

ಇನ್ನು ಚಹಾ. ನಮ್ಮ ಜಿಲ್ಲೆಗಳಲ್ಲಿ ಸಿಗರೇಟಿಗಿಂತ ಮೊದಲು ಮಾತಾಡಬೇಕಾದದ್ದು ಇದರ ಬಗ್ಗೆಯೇ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅರ್ಧ ಅರ್ಧ ಕಪ್ಪಿನ ಲೆಕ್ಕದಲ್ಲಿ ಎಷ್ಟು ಚಹಾ ಹೊಟ್ಟೆ ಸೇರುತ್ತದೆ ಎಂಬುದನ್ನು ಯಾರೂ ಎಣಿಸುವುದಿಲ್ಲ, ಪ್ರತಿ ಅರ್ಧ ಕಪ್ಪಿನ ಹಿಂದೆಯೂ ಒಂದು ಬೆಂಕಿಕಡ್ಡಿ ಕಾಯುತ್ತಿರುತ್ತದೆ. ಅದು ಅಭ್ಯಾಸದ ಮಾತಾಯಿತು. ಅಷ್ಟು ಜನಕ್ಕೆ ತಿಳಿಯದ ಇನ್ನೊಂದು ಸಂಗತಿ ಇದೆ. ತಂಬಾಕಿನ ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಚುರುಕು ತಗ್ಗಿ, ಮೊದಲಿನಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನಿನ ಮಟ್ಟ ಇಮ್ಮಡಿಯವರೆಗೆ ಏರಬಹುದು. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಮನುಷ್ಯ ಇದೆಲ್ಲ ಸಿಗರೇಟು ಬಿಟ್ಟಿದ್ದರ ಫಲವೆಂದು ತಿಳಿದು ಮತ್ತೆ ಹಚ್ಚುತ್ತಾನೆ. ಬಿಡುವ ದಿನದಿಂದ ಚಹಾವನ್ನು ಅರ್ಧಕ್ಕೆ ಇಳಿಸುವುದು, ಮಧ್ಯಾಹ್ನದ ಮೇಲೆ ಮಜ್ಜಿಗೆಗೆ ಹೊರಳುವುದು ಯಾವ ಖರ್ಚೂ ಇಲ್ಲದ ಚಿಕಿತ್ಸೆ. ಇದೇ ಕಿಣ್ವದ ಕಾರಣದಿಂದ ಉಬ್ಬಸಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುವವರು, ಕೆಲವು ಮಾನಸಿಕ ಕಾಯಿಲೆಗಳ ಗುಳಿಗೆ ನುಂಗುವವರು ತಾವು ಸೇದುವುದನ್ನು ನಿಲ್ಲಿಸುತ್ತಿದ್ದೇವೆ ಎಂದು ವೈದ್ಯರಿಗೆ ತಿಳಿಸಲೇಬೇಕು. ಅವರ ಗುಳಿಗೆಯ ಪ್ರಮಾಣ ಕಡಿಮೆ ಮಾಡಬೇಕಾಗಬಹುದು.

ಬೀಡಿಯವರ ದೂರು ಇನ್ನೊಂದಿದೆ, ಅದನ್ನು ಪುಸ್ತಕಗಳಲ್ಲಿ ಸಂಕೋಚದಿಂದ ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ. ‘ಬೀಡಿ ಹಚ್ಚಲಿಲ್ಲಂದ್ರ ಹೊಟ್ಟಿ ಸಾಫ್ ಆಗೂದಿಲ್ರಿ’ ಎಂಬ ಮಾತು ನೆಪವಲ್ಲ. ನಿಕೋಟಿನ್ ಕರುಳಿನ ಚಲನೆಯನ್ನು ಪ್ರಚೋದಿಸುತ್ತದೆ, ಬಿಟ್ಟಾಗ ಮಲಬದ್ಧತೆ ನಿಜವಾಗಿಯೂ ಬರುತ್ತದೆ, ಕೆಲವು ವಾರ ಇರುತ್ತದೆ. ಬೆಳಗಿನ ಮೊದಲ ಬೀಡಿಯನ್ನೇ ಕೊನೆಯವರೆಗೆ ಬಿಡಲಾರದವರಲ್ಲಿ ಹಲವರ ಸಮಸ್ಯೆ ಇಷ್ಟೇ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಇಸಬಗೋಲು, ತಟ್ಟೆಯಲ್ಲಿ ಜೋಳದ ರೊಟ್ಟಿಯ ಜೊತೆ ಸೊಪ್ಪಿನ ಪಲ್ಯ, ಮೊಳಕೆ ಬಂದ ಹೆಸರು, ಹಸಿ ಮೂಲಂಗಿ, ಗಜ್ಜರಿ ಇದ್ದರೆ ಈ ವಾರಗಳು ದಾಟುತ್ತವೆ. ಕೆಮ್ಮಿನದೂ ಹೀಗೆಯೇ. ‘ಬಿಟ್ಟಾಗಿಂದ ಕೆಮ್ಮು ಹೆಚ್ಚಾಗೇತಿ, ಸೇದೂದ ಛಲೋ ಇತ್ತು’ ಎನ್ನುವವರಿಗೆ, ಹೊಗೆಯಿಂದ ಮಂಕಾಗಿದ್ದ ಶ್ವಾಸನಾಳದ ರೋಮಗಳು ಮತ್ತೆ ಎದ್ದು ಕಫವನ್ನು ಹೊರಹಾಕುತ್ತಿವೆ ಎಂದು ಮೊದಲೇ ಹೇಳಿಟ್ಟರೆ ಅವರು ಹೆದರುವುದಿಲ್ಲ. ಕೆಮ್ಮು ತಿಂಗಳು ದಾಟಿದರೆ, ರಕ್ತ ಕಂಡರೆ, ಆಗ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೂಕ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ಅದಕ್ಕಾಗಿ ಯಾರೂ ಸೇದುವುದಕ್ಕೆ ಮರಳಬೇಕಾಗಿಲ್ಲ.

ಬೀಡಿ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ಬಾಗಲಕೋಟೆಯ ಹೊಲಗಳಿಂದ ಬೆಳಗಾವಿಯ ಕಾರ್ಖಾನೆಗಳವರೆಗೆ ಒಂದೇ ತೆರನಾಗಿದೆ. ತೆಂಡು ಎಲೆಯಲ್ಲಿ ಗಾಳಿ ಆಡುವುದಿಲ್ಲ, ಬೀಡಿ ಆರದಂತೆ ಮೇಲಿಂದ ಮೇಲೆ ಎಳೆಯಬೇಕು, ಹೀಗಾಗಿ ಒಳಗಿರುವ ತಂಬಾಕು ಕಡಿಮೆಯಾದರೂ ಒಳಹೋಗುವ ನಿಕೋಟಿನ್, ಟಾರು, ಕಾರ್ಬನ್ ಮೊನಾಕ್ಸೈಡ್ ಕಡಿಮೆಯಲ್ಲ. ನಿಪ್ಪಾಣಿಯ ಸುತ್ತಲಿನ ಬೀಡಿ ತಂಬಾಕಿನ ಬೆಳೆಯ ಮೇಲೆ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೂಲಿಯ ಮೇಲೆ ಎಷ್ಟು ಸಂಸಾರಗಳು ನಿಂತಿವೆ ಎಂಬುದನ್ನು ನಾನು ಮರೆತಿಲ್ಲ. ಆ ಬೆಳೆಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ರೈತ ಮುಖಂಡ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತಿದ್ದ ಊರು ಅದು. ಆದರೆ ಅದು ಬೆಳೆಯ ಪ್ರಶ್ನೆ, ಎದೆಯ ಪ್ರಶ್ನೆಯಲ್ಲ. ಆ ಭಾಗದ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಸುಟ್ಟ ತಂಬಾಕೇ; ಅದನ್ನು ಚಟವೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಕಾರಣ ಬಿಡಿಸಲು ಯಾರೂ ಮುಂದಾಗುವುದಿಲ್ಲ. ಸಿಗರೇಟು ಬಿಟ್ಟು ಖೈನಿಗೆ ಹೊರಳಿದವರನ್ನು ಬಿಟ್ಟವರೆಂದು ನಾನು ಕರೆಯುವುದಿಲ್ಲ. ಬರೀ ಅಡಿಕೆಯೂ ಕ್ಯಾನ್ಸರಕಾರಕವೆಂದು ಘೋಷಿತವಾದದ್ದು. ಜೇಬಿನಲ್ಲಿರಬೇಕಾದದ್ದು ಬಡಿಸೋಪು, ಲವಂಗ, ಹುರಿದ ಪುಟಾಣಿ, ನಮ್ಮೂರಿನವೇ ಆದ ನಾಲ್ಕು ಒಣದ್ರಾಕ್ಷಿ.

ದಿನಕ್ಕೊಂದರಂತೆ ಇಳಿಸುತ್ತಾ ಬಿಡುತ್ತೇನೆ ಎನ್ನುವವರು ಬಹಳ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ನಿಗದಿತ ದಿನ ಒಮ್ಮೆಲೇ ಬಿಟ್ಟವರಲ್ಲಿ ಶೇಕಡಾ 49 ಮಂದಿ ನಾಲ್ಕು ವಾರದ ಬಳಿಕವೂ ಸೇದದೆ ಇದ್ದರು. ಎರಡು ವಾರ ಇಳಿಸುತ್ತಾ ಬಂದವರಲ್ಲಿ ಶೇಕಡಾ 39. ಇಳಿಸಿದಷ್ಟೂ ಉಳಿದ ಒಂದೊಂದರ ಬೆಲೆ ಏರುತ್ತದೆ, ಆಳವಾಗಿ ಎಳೆಯುತ್ತಾರೆ, ಮುಂದಿನದರ ಹೊತ್ತಿಗಾಗಿ ಗಡಿಯಾರ ನೋಡುತ್ತಾರೆ. ಆ ಪರಿಚಾರಕರ ಚಿಕ್ಕ ಹಾರಾಟವನ್ನೇ ದಿನಕ್ಕೆ ಐದಾರು ಸಲ ಮಾಡಿದಂತಾಗುತ್ತದೆ. ಒಂದು ದಿನ ಗೊತ್ತುಮಾಡಿ, ಅದಕ್ಕೆ ಮುಂಚೆ ಗಮ್ಮು ಅಥವಾ ಪಟ್ಟಿ ತಂದಿಟ್ಟು, ಮನೆಯಲ್ಲಿಯೂ ದಿನವೂ ಕೂಡುವ ಗೆಳೆಯರಲ್ಲಿಯೂ ಹೇಳಿ, ಹಿಂದಿನ ರಾತ್ರಿ ಬೆಂಕಿಪೆಟ್ಟಿಗೆಯ ಸಮೇತ ಎಲ್ಲವನ್ನೂ ಹೊರಹಾಕುವುದು ನನ್ನ ಮಟ್ಟಿಗೆ ಒಳ್ಳೆಯ ದಾರಿ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವುದನ್ನು ಕರ್ನಾಟಕ ನಿಷೇಧಿಸಿ ವರ್ಷಗಳಾದರೂ ಒಂದೊಂದೇ ಸಿಗುತ್ತಲೇ ಇರುವುದರಿಂದ, ಮನೆಯ ದಾರಿಯಲ್ಲಿರುವ ಅಂಗಡಿಯವನಿಗೂ ‘ನನಗೆ ಕೊಡಬೇಡ’ ಎಂದು ಹೇಳಿಡುವುದು ಒಳ್ಳೆಯದು. ಕೆಲವರಿಗೆ ನಗು ಬರಬಹುದು; ಹೇಳಿಟ್ಟವರನ್ನು ಅಂಗಡಿಯವರು ಗೌರವಿಸಿದ್ದನ್ನು ನಾನು ಕಂಡಿದ್ದೇನೆ.

ಒಂದು ತುಡಿತದ ಆಯುಷ್ಯ ಮೂರರಿಂದ ಐದು ನಿಮಿಷ. ಆ ಹೊತ್ತಿನಲ್ಲಿ ಇದ್ದ ಜಾಗದಿಂದ ಎದ್ದು ಹೋಗುವುದು, ನಿಧಾನವಾಗಿ ನೀರು ಕುಡಿಯುವುದು, ಯಾರಿಗಾದರೂ ಫೋನು ಮಾಡುವುದು, ಇಷ್ಟೇ ಸಾಕಾಗುತ್ತದೆ. ಮಾತಾಡಲು ಯಾರೂ ಇಲ್ಲವೆಂದರೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಕರೆಗೆ ದುಡ್ಡಿಲ್ಲ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಇದಕ್ಕೆ 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕೇಂದ್ರವಿರುವುದರಿಂದ ಕನ್ನಡದಲ್ಲಿಯೇ ಮಾತಾಡಬಹುದು, ಮುಂದೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಈ ನಂಬರು ಪ್ರತಿ ಪಾಕೀಟಿನ ಮೇಲೆ ಅಚ್ಚಾಗಿರುತ್ತದೆ. ಪಾಕೀಟು ತೆರೆಯುವ ಕೈಗಳಿಗೆ ಮಾತ್ರ ಕಾಣಿಸುವುದಿಲ್ಲ.

ವ್ರತದಿಂದ ಎರವಲು ತರಬಾರದ ಎರಡನೆಯ ವಸ್ತು ಒಂದಿದೆ, ಅದು ವ್ರತಭಂಗದ ಕಲ್ಪನೆ. ಮದುವೆ ಮನೆಯಲ್ಲಿಯೋ ಜಾತ್ರೆಯ ರಾತ್ರಿಯಲ್ಲಿಯೋ ಒಂದು ಸೇದಿದವನು, ಕೆಟ್ಟಿತಲ್ಲ ಎಂದು ಮರುದಿನ ಪಾಕೀಟನ್ನೇ ಕೊಳ್ಳುತ್ತಾನೆ, ತೋಳಿನ ಪಟ್ಟಿಯನ್ನು ಕಿತ್ತೆಸೆಯುತ್ತಾನೆ. ಪಟ್ಟಿಯ ಜೊತೆ ಸೇದಿದರೆ ಹೃದಯಕ್ಕೆ ಅಪಾಯ ಎಂಬ ಹಳೆಯ ಹೆದರಿಕೆಯೂ ಇದಕ್ಕೆ ಕಾರಣ. ಆ ಎಚ್ಚರಿಕೆಯ ಸಾಲನ್ನು ಔಷಧದ ಪೆಟ್ಟಿಗೆಯ ಮೇಲಿನ ಚೀಟಿಯಿಂದ ತೆಗೆಯಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿಯೇ ಅವಕಾಶ ಕೊಟ್ಟಿದೆ. ಅಂಥವರು ಮುಖ ಸಣ್ಣದು ಮಾಡಿಕೊಂಡು ಬಂದಾಗ ನಾನು ಕೇಳುವುದು, ಆ ಒಂದನ್ನು ಎಲ್ಲಿ ಸೇದಿದಿರಿ, ಯಾರ ಜೊತೆ, ಏನು ಕುಡಿಯುತ್ತ ಎಂದು. ಉತ್ತರ ಬಹಳ ಸಲ ಒಂದೇ ಜಾಗ, ಒಂದೇ ಗುಂಪು, ಒಂದೇ ಹೊತ್ತು. ಪಟ್ಟಿಯನ್ನು ಎಂದಿನಂತೆ ಮುಂದುವರಿಸಿ, ಮುಂದಿನ ಸಲ ಅಲ್ಲಿಗೆ ಹೋಗುವ ಕಾಲು ಗಂಟೆ ಮೊದಲೇ, ಚಹಾ ಕುಡಿಯುವುದಕ್ಕೂ ಮುಂಚೆ, ಒಂದು ಗಮ್ಮನ್ನು ದವಡೆಯಲ್ಲಿಟ್ಟುಕೊಂಡು ಹೊರಡಿ ಎಂದು ಹೇಳಿ ಪೊಟ್ಟಣ ಕಟ್ಟಿಕೊಡುತ್ತೇನೆ.